ವಿಚಾರಣೆ

ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ನನ್ನ ತಲೆಯ ಮೇಲೆ
ಒಂದು ನೀಲಿ ಹಲಗೆ: ವಿಚಾರಣೆ.
ಮುಂದೆ ಗಾಜು, ಗಾಜಿಗೊಂದು ತೂತು,
ತೂತಿನಲ್ಲಿ ದಿನವಿಡೀ ಬಾಯಿಗಳು:
ತೀರ್ಥಹಳ್ಳಿಗೆ ಯಾವಾಗ? ಸಾಗರದ್ದು ಹೋಯ್ತಾ?
ಐನೂರಕ್ಕೆ ಚಿಲ್ಲರೆ ಇದೆಯಾ?
ಹದಿನೇಳು ವರ್ಷವಾಯಿತು.
ಗೊತ್ತಿಲ್ಲ ಅಂದದ್ದು ಬಹಳ ಕಡಿಮೆ.

ನಾನು ಕೇಳುವುದು ಬೆಳಗಿನ ಐದಕ್ಕೆ,
ಅಕ್ಕಿ ತೊಳೆಯುತ್ತ: ಕರ್ತನೇ, ಬುದ್ಧಿ ಕೊಡು.
ಅಷ್ಟರಲ್ಲಿ ಕುಕ್ಕರು ಕೂಗುತ್ತದೆ.
ಆಮೆನ್ ಅಂದೆನೋ ಇಲ್ಲವೋ
ನೆನಪಿರುವುದಿಲ್ಲ.

ಈ ವಾರ ಕೇಳಲಿಕ್ಕೆ ಕಾರಣವಿತ್ತು.
ಸುಗ್ಗಿ ಹಬ್ಬದ ಹರಾಜಿನ ಲೆಕ್ಕ ನನ್ನದು.
ಬಾಳೆಗೊನೆ, ಎರಡು ನಾಟಿ ಕೋಳಿ, ಜೋನಿಬೆಲ್ಲ,
ಕಡೆಗೊಂದು ಕುಂಬಳಕಾಯಿ.
ಇನ್ನೂರಕ್ಕೆ ಶುರುವಾದದ್ದು ಚಪ್ಪಾಳೆ ಹತ್ತಿ ಹತ್ತಿ
ಸಾವಿರದ ಮುನ್ನೂರೈವತ್ತಕ್ಕೆ ಹೋಗಿ ಕೂತಿತು.
ವಿಲ್ಫ್ರೆಡ್ ಸಾರ್ ಅದನ್ನು ಮಗುವಿನ ಹಾಗೆ ಎತ್ತಿಕೊಂಡರು.
ನಾನೂ ಚಪ್ಪಾಳೆ ತಟ್ಟಿದೆ.

ಎಣಿಸಿದರೆ ಪೆಟ್ಟಿಗೆಯಲ್ಲಿ ಒಂದು ಸಾವಿರ ಕಮ್ಮಿ.
ಪೆಟ್ಟಿಗೆ ಹೊತ್ತವನು ಇಸಾಕಪ್ಪ,
ಗಂಟೆ ಹೊಡೆಯುವವನು, ಅಂಗಳ ಗುಡಿಸುವವನು.
ಹೆಂಡತಿ ಕಾಲಿನ ಹುಣ್ಣಿಗೆ ಆಸ್ಪತ್ರೆಯಲ್ಲಿ.
"ದುಡ್ಡು ಕಮ್ಮಿ ಬಂದಿದೆ" ಅಂದೆ, ಗಾಳಿಗೆ ಹೇಳಿದ ಹಾಗೆ.
ಅವನು ಹೆಗಲು ಮುಟ್ಟಿಕೊಂಡ.

ಕುಂಬಳಕಾಯಿ ಕಳ್ಳ ಅಂದರೆ
ಹೆಗಲು ಮುಟ್ಟಿ ನೋಡಿಕೊಂಡರಂತೆ.
ಗಾದೆಯೇ ತೀರ್ಪು ಬರೆಯಿತು.
ನಾನು ಕಮಿಟಿಗೆ ಪತ್ರ ಬರೆದೆ.
ಮೂರು ದಿನ ಚೀಲದಲ್ಲಿತ್ತು, ಊಟದ ಡಬ್ಬಿಯ ಕೆಳಗೆ,
ಒಂದು ಮೂಲೆಗೆ ಸಾರು ಹತ್ತಿ.
ಬುದ್ಧಿ ಕೊಡು ಅಂತಲೇ ಕೇಳುತ್ತಿದ್ದೆ.
ನಿಜ ಹೇಳಬೇಕೆಂದರೆ ನಾನು ಕೇಳಿದ್ದು
ಇದಕ್ಕೊಂದು ಸಹಿ.

ಬುಧವಾರ ತೂತಿನಲ್ಲಿ ಒಂದು ಮುದುಕಿಯ ಬಾಯಿ:
"ಮಗಾ, ನಗರಕ್ಕೆ..."
"ಹೊಸನಗರ, ನಾಲ್ಕನೇ ಅಂಕಣ" ಅಂದೆ, ತಲೆ ಎತ್ತದೆ.
ಹೋದಳು. ಬಂದಳು.
"ಹೊಸದಲ್ಲ ಮಗಾ, ಹಳೇ ನಗರ.
ಪೂರ್ತಿ ಕೇಳಲೇ ಇಲ್ಲವಲ್ಲ ನೀನು."

ಬಯ್ಗುಳವಲ್ಲ. ಸೆರಗಿನ ಗಂಟು ಸರಿ ಮಾಡಿಕೊಳ್ಳುತ್ತ
ಸುಮ್ಮನೆ ಹೇಳಿದಳು.
ನಾನು ಗಾಜಿನ ಪೆಟ್ಟಿಗೆಯಿಂದ ಈಚೆ ಬಂದು
ಅವಳ ಕೈಚೀಲ ಹಿಡಿದು ಬಸ್ಸಿನವರೆಗೂ ನಡೆದೆ.
ಹಿಂದೆ ಸಾಲು ಕೂಗಾಡುತ್ತಿತ್ತು.
ಮೋಡ ಸೀಳಲಿಲ್ಲ, ಯಾವ ದನಿಯೂ ಕೇಳಲಿಲ್ಲ.
ಡೀಸೆಲ್ ಹೊಗೆಯಷ್ಟೇ.

ಸಂಜೆ ಇಸಾಕಪ್ಪ ಮೇಣ ಕೆರೆಯುತ್ತಿದ್ದ.
ಬೆಂಚಿನ ಮೇಲೆ ಕೂತು ಮೊದಲು ಹೆಂಡತಿಯ ಕಾಲು ಕೇಳಿದೆ.
ಆಮೇಲೆ ಹೆಗಲು.
"ಹಗ್ಗ ಎಳೆದೂ ಎಳೆದೂ ಹಿಡಿದುಬಿಟ್ಟಿದೆ ಅಕ್ಕಾ,
ಎಣ್ಣೆ ಹಚ್ಚಿದರೂ ಬಿಡೋದಿಲ್ಲ."
ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನಾಗಿಯೇ:
"ಆ ಕುಂಬಳಕಾಯಿ... ಸಾರು ಮುನ್ನೂರೈವತ್ತು ಕೊಟ್ಟಿದ್ರು.
ಮಿಕ್ಕಿದ್ದು ಆಮೇಲೆ ಅಂದ್ರು.
ನಾನು ಹೆಂಗೆ ಕೇಳ್ಲಿ?"

ಲೆಕ್ಕದ ಪುಸ್ತಕ ತೆರೆದೆ.
ಕುಂಬಳಕಾಯಿಯ ಸಾಲಿನಲ್ಲಿ "ಸಂದಿದೆ" ಎಂಬ ಗೆರೆ,
ನನ್ನದೇ ಕೈ. ಚಪ್ಪಾಳೆಯ ನಡುವೆ ಎಳೆದದ್ದು,
ಸಂಭ್ರಮಕ್ಕೆ ಸ್ವಲ್ಪ ಉದ್ದವೇ ಆಗಿದೆ.
ಅದೇ ಕಾಯಿಯ ಕಡುಬು, ಸಾರ್ ಮನೆಯಿಂದ,
ಬಾಳೆಲೆಯಲ್ಲಿ ಸುತ್ತಿ ನಮ್ಮ ಮನೆಗೂ ಬಂದಿತ್ತು.
ಎರಡು ತಿಂದಿದ್ದೆ.
ಯಾರೂ ಏನೂ ಅನ್ನದಿದ್ದರೂ
ನನ್ನ ಕೈ ಹೆಗಲಿಗೆ ಹೋಯಿತು.

ಪತ್ರವನ್ನು ಹರಿದು ತುಂಗೆಗೆ ಬಿಡಲಿಲ್ಲ, ಅದು ನಾಟಕ.
ಹಿಂಬದಿಗೆ ದಿನಸಿ ಪಟ್ಟಿ ಬರೆದೆ.

ಈಗ ವಿಲ್ಫ್ರೆಡ್ ಸಾರ್.
ಮುಂದಿನ ಸಾಲಿನ ಮನುಷ್ಯ, ದೊಡ್ಡ ದನಿಯ ಪ್ರಾರ್ಥನೆ,
ಮಗಳ ಫೀಸಿಗೆ ಒಮ್ಮೆ ನನಗೇ ಸಾಲ ಕೊಟ್ಟವರು.
ಹೇಗೆ ಕೇಳುವುದು? ಎಲ್ಲರೆದುರೋ, ಗೇಟಿನ ಬಳಿಯೋ?
ನಿನ್ನೆಯ ಬುದ್ಧಿ ನಿನ್ನೆಯ ಅನ್ನದ ಹಾಗೆ
ಇವತ್ತಿಗೆ ಹಳಸಿದೆ.

ನಾಳೆ ಐದಕ್ಕೆ ಅಕ್ಕಿ ತೊಳೆಯುತ್ತೇನೆ.
ಕೇಳುತ್ತೇನೆ.
ಕೇಳಿದ ಮೇಲೆ, ಕುಕ್ಕರಿನ ಮುಚ್ಚಳ ಕೈಯಲ್ಲೇ ಹಿಡಿದು
ಸ್ವಲ್ಪ ಹೊತ್ತು ನಿಲ್ಲುತ್ತೇನೆ.