ಬಾಂದುಗಲ್ಲು

ಪಾಲಯ್ಯನ ಹೊಲಕ್ಕೂ ನನ್ನ ಹೊಲಕ್ಕೂ ಒಂದೇ ಬದು,
ಬದುವಿನ ತುದಿಗೆ ಸುಣ್ಣ ಮಾಸಿದ ಕಲ್ಲು.
ಇಪ್ಪತ್ತು ವರ್ಷ ಅದರ ಆಚೀಚೆ ನಿಂತು
ಬೈದುಕೊಂಡಿದ್ದೇವೆ,
ಬೀಡಿಗೆ ಬೆಂಕಿಯನ್ನೂ ಕೊಟ್ಟುಕೊಂಡಿದ್ದೇವೆ.

ಈಗ ಅವನು ಬೀಡಿ ಬಿಟ್ಟಿದ್ದಾನೆ.
ಟಿವಿಎಸ್ ಗಾಡಿಯಲ್ಲಿ ಶೇಂಗಾ ಚೀಲ ಕೂರುತ್ತಿದ್ದ ಜಾಗಕ್ಕೆ
ಮೈಕಿನ ಡಬ್ಬಿ.
ಸಂತೆ ದಿನ ಚಳ್ಳಕೆರೆಯಲ್ಲಿ
ಎಣ್ಣೆ ಮಿಲ್ಲಿನ ಗೋಡೆ ನೆರಳಿಗೆ ನಿಂತು ಓದುತ್ತಾನೆ,
ಅಕ್ಷರ ಅಕ್ಷರಕ್ಕೂ ಬೆರಳೂರಿ,
ಈರುಳ್ಳಿ ಸಸಿ ನೆಟ್ಟ ಹಾಗೆ.
ಬೆದರಿದ ಎತ್ತನ್ನು ಕರೆಯುವ ದನಿಯಲ್ಲೇ
ದೇವರನ್ನೂ ಕರೆಯುತ್ತಾನೆ.
ಹೆಂಗಸರು ಮೆಣಸಿನಕಾಯಿ ತೂಗಿಸುತ್ತ ಕೇಳುತ್ತಾರೆ.
ಗಂಡಸರು, ಕೇಳದ ಹಾಗೆ.

ಒಮ್ಮೆ ನಾನೇ ತಡೆದು ಅಂದೆ:
"ಬಿತ್ತೋನ ಕತೆ ಹೇಳ್ತೀಯಲ್ಲೋ,
ದಾರಿ ಮೇಲೆ ಬಿತ್ತಿದ, ಬಂಡೆ ಮೇಲೆ ಬಿತ್ತಿದ,
ಮುಳ್ಳಿನಾಗೂ ಬಿತ್ತಿದ.
ಅವನ ಮನ್ಯಾಗೆ ಕೂರಿಗೆ ಇರ್ಲಿಲ್ಲೇನು?
ಬೀಜದ ರೇಟು ಗೊತ್ತಿರ್ಲಿಲ್ಲೇನು?"
ಪಾಲಯ್ಯ ನಕ್ಕ:
"ನಾನೂ ಅದನ್ನೇ ಕೇಳ್ದೆ ಕಣಣ್ಣ, ಪಾಸ್ಟರನ್ನ.
ಅವರಪ್ಪ ಬ್ಯಾಂಕಿನಾಗಿದ್ದೋರು, ಅವರಿಗೇನು ಗೊತ್ತು.
ನಂಗನಿಸಿದ್ದು ಇಷ್ಟೆ,
ಆ ಬಿತ್ತೋನ ಹಗೇವಿಗೆ ತಳ ಇಲ್ಲ."

ಕಾರಹುಣ್ಣಿಮೆ ಹಿಂದಿನ ಸಂಜೆ
ಹಾರೆ ಹೊತ್ತು ಬಂದ.
"ಅಣ್ಣ, ನಮ್ಮಪ್ಪ ಸತ್ತ ವರ್ಷ ರಾತ್ರಿ ಬಂದು
ಕಲ್ಲನ್ನ ನಿನ್ ಕಡೆ ಮೂರು ಮೊಳ ಸರಿಸಿದ್ದೆ.
ಇವತ್ತು ವಾಪಸ್ ಇಡ್ತೀನಿ.
ನೀನು ನಿಂತು ನೋಡಿದ್ರೆ ಸಾಕು."

ಅಗೆದ.
ಕಲ್ಲನ್ನು ನಿದ್ದೆಗೆಟ್ಟ ಕೂಸಿನಂತೆ ತಬ್ಬಿ ಎತ್ತಿದ.
ತನ್ನ ಮೊಳಕೈಯಲ್ಲೇ ಮೂರು ಸಲ ಅಳೆದು
ಇನ್ನೊಂದು ಗೇಣು ಸೇರಿಸಿ
"ಬಡ್ಡಿ" ಎಂದ.
ಗುಡ್ಡದ ಮೇಲಿನ ಗಾಳಿ ಫ್ಯಾನುಗಳು
ಅವತ್ತು ಒಂದೂ ತಿರುಗುತ್ತಿರಲಿಲ್ಲ.

ಆಗಲೇ ಹೇಳಬೇಕಿತ್ತು ನಾನು.
ಅವನು ಸರಿಸಿದ ಮರುವರ್ಷ, ಅಮಾವಾಸ್ಯೆ ಕತ್ತಲಲ್ಲಿ,
ಇಂಥದ್ದೇ ಹಾರೆ ಹಿಡಿದು
ನಾಲ್ಕು ಮೊಳ ವಾಪಸ್ ತಳ್ಳಿದ್ದೆ.
ಅವನಿಗೆ ಗೊತ್ತಾಗಿರಲಿಲ್ಲವೋ,
ಗೊತ್ತಿದ್ದೂ ಬಂದನೋ.
"ಆಯ್ತು ಬಿಡಪ್ಪ" ಎಂದೆ.
ಕೈಮುಗಿದು ಹೋದ, ಹಾರೆಯ ಮಣ್ಣನ್ನು
ತನ್ನ ಕಡೆ ಒದರದೆ, ನನ್ನ ಕಡೆಗೇ ಒದರಿ.

ಈ ಸಲ ಆ ಪಟ್ಟಿಗೆ ಬಂದಾಗ
ಕೂರಿಗೆ ಎತ್ತಿ ಎತ್ತು ತಿರುಗಿಸಿದೆ.
ನಾಲ್ಕು ಮೊಳ, ಒಂದು ಗೇಣು.
"ಅಲ್ಯಾಕೆ ಬೀಳು ಬಿಟ್ರಿ?" ಎಂದಳು ಓಬಕ್ಕ.
ಬೀಜ ಸಾಲಲಿಲ್ಲ ಎಂದೆ.
ಚೀಲದಲ್ಲಿ ಇನ್ನೂ ಅರ್ಧ ಇತ್ತು.

ಸಂತೆ ದಿನ ಈಗ ಮಿಲ್ಲಿನ ಬೀದಿ ಬಿಟ್ಟು
ಬಸ್‌ಸ್ಟ್ಯಾಂಡಿನ ಹಿಂದಿನಿಂದ ಸುತ್ತಿ ಹೋಗುತ್ತೇನೆ.
ಅಲ್ಲಿಗೂ ಕೇಳಿಸುತ್ತದೆ.