ಇರುವೆ

ಬಾ ಮಾರಾಯ, ಕರಿಯ ನ್ಯಾಯಾಧೀಶ,
ಬೆರಳ ತುದಿ ಏರು. ಕಚ್ಚಬೇಡ.
ನಿನಗೂ ನನಗೂ ಇಪ್ಪತ್ತೆರಡು ಮಳೆಗಾಲದ ಬಾಕಿಯಿದೆ.

ಒಳಗೆ ನನ್ನ ಮಗಳು ಬಲ್ಕಿ,
ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು,
ಬೇವಿನ ಸೊಪ್ಪಿನ ಕುದಿನೀರಿಗೆ ಬೆನ್ನು ಕೊಟ್ಟು
ಹಲ್ಲು ಕಚ್ಚಿ ಕೂತಿದ್ದಾಳೆ.
ಕೂಸು ನಿನ್ನೆ ರಾತ್ರಿಯದು. ಬಾಯಿ ಬಿಡುತ್ತದೆ, ಮುಚ್ಚುತ್ತದೆ,
ಗಾಳಿಯನ್ನೇ ಚೀಪುತ್ತದೆ.
ಹೊಸ್ತಿಲಲ್ಲಿ ನನ್ನ ಗಂಡನ ಅಕ್ಕ ತಸಲ್ಲಾ,
ಈ ಮನೆಯ ದೊಡ್ಡ ಬಾಯಿ:
"ಹಳದಿ ಹಾಲು ಅದು. ಒಂಬತ್ತು ತಿಂಗಳು ಒಳಗೇ ಕೂತು ಕೆಟ್ಟದ್ದು.
ಇರುವೆ ಬಿಟ್ಟು ನೋಡದೆ ಕೊಟ್ಟೀಯೆ, ಜೋಕೆ."

ಕಾನೂನು ಗೊತ್ತಲ್ಲ ನಿನಗೆ.
ಸೋರೆಬುರುಡೆಯ ಚೂರಿನಲ್ಲಿ ಎದೆಹಾಲು,
ಹಾಲಿನಲ್ಲಿ ನೀನು.
ಈಜಿ ದಡ ಸೇರಿದರೆ ಸಿಹಿ.
ಮುಳುಗಿದರೆ ಕಹಿ; ಹಾಲಿನ ಜೊತೆ ತಾಯಿಯೂ.

ನನ್ನ ಸರದಿಯಲ್ಲಿ ನೀನು ಮುಳುಗಿದೆ.
ನೀನಲ್ಲ, ನಿನ್ನ ಮುತ್ತಜ್ಜಿ ಇರಬಹುದು;
ನಾಲ್ಕು ಸಲ ಕಾಲಾಡಿಸಿ ಸುಮ್ಮನಾಯಿತು.
ಯಾವ ಇರುವೆ ತಾನೆ ಈಜು ಕಲಿತು ಹುಟ್ಟುತ್ತದೆ
ಎಂದು ಕೇಳುವ ವಯಸ್ಸಲ್ಲ ನನ್ನದು. ಹದಿನಾರು.

ಬೇರಿನ ಕಷಾಯ ಕುಡಿಸಿದರು, ನನಗೂ ಕೂಸಿಗೂ.
ಮಲ್ಲಂ ಹಲಗೆ ತೊಳೆದ ಮಸಿನೀರು ಒಂದು ಗುಟುಕು,
ಬಟ್ಟೆಯ ತುದಿಯಲ್ಲಿ ಆಡಿನ ಹಾಲು.
ನನ್ನ ಎದೆ ಕಲ್ಲಾಯಿತು. ರಾತ್ರಿ ಹಿತ್ತಿಲಿಗೆ ಹೋಗಿ
ಮರಳಿಗೆ ಹಿಂಡಿದೆ.
ಕೂಸಿನ ಅಳು ಕೇಳಿದಷ್ಟೂ ಒಸರುತ್ತಿತ್ತು
ನಾಚಿಕೆಗೆಟ್ಟ ಹಾಲು.

ಆರನೆಯ ದಿನ ಅಳು ನಿಂತಿತು.
ನಮ್ಮಲ್ಲಿ ಹೆಸರಿಡುವುದು ಏಳನೆಯ ದಿನ.
ಕಟ್ಟಿದ್ದ ಟಗರನ್ನು ಬಿಚ್ಚಿ ಹಿಂದಕ್ಕೆ ಕಳಿಸಿದರು.
ಚೊಚ್ಚಲ ಮಗನ ಹೆಸರು ತಾಯಿಯ ಬಾಯಲ್ಲಿ ಬರಬಾರದು,
ಹೌಸಾ ಹೆಂಗಸಿನ ಮರ್ಯಾದೆ ಅದು.
ನಾನು ಮರ್ಯಾದಸ್ಥೆ. ಇಂದಿಗೂ ಆಡಿಲ್ಲ.

ಮಾರನೆಯ ಬೆಳಗ್ಗೆ ಹಿತ್ತಿಲಲ್ಲಿ ಕಂಡೆ:
ನಾನು ಹಿಂಡಿದ ಜಾಗಕ್ಕೆ ಸಾಲುಗಟ್ಟಿ ಬಂದಿದ್ದಿರಿ ನೀವು,
ಮಕ್ಕಳು ಮರಿ ಸಮೇತ, ಮದುವೆ ಊಟಕ್ಕೆ ಬಂದ ಹಾಗೆ,
ಹಾಲು ಕುಡಿದ ಮರಳ ಕಣ ಹೊತ್ತು
ಒಂದರ ಹಿಂದೊಂದು.
ಹಗಲು ಕಹಿಯೆಂದು ತೀರ್ಪು ಕೊಟ್ಟವರು
ಕದ್ದು ನೆಕ್ಕುತ್ತಿದ್ದಿರಿ!
ಯಾರಿಗೆ ಹೇಳಲಿ?
ಕಟಕಟೆಯಲ್ಲೂ ನೀವೇ, ಪೀಠದಲ್ಲೂ ನೀವೇ.

ಬಲ್ಕಿ ಹುಟ್ಟಿದಾಗ ಇರುವೆ ಬದುಕಿತು.
ಆ ಸಲ ಬುರುಡೆ ಹಿಡಿದವಳು ನನ್ನವ್ವ.
ಆಮೇಲೆ ತೊಳೆಯಲು ಹೋದೆ, ಚೂರಿನಂಚಿಗೆ
ಒಂದು ಸಜ್ಜೆಯ ಕಡ್ಡಿ ಅಂಟಿತ್ತು.
ಅವಳೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮೊನ್ನೆ ಮೊಪೆಡ್ ಮೇಲೆ ಬಂದಿದ್ದಳು ಆಸ್ಪತ್ರೆಯ ಹುಡುಗಿ ಹಾಬ್ಸು.
ಮೊದಲ ಹಾಲು ಚೆಲ್ಲಬೇಡಿ, ಆರು ತಿಂಗಳು ನೀರೂ ಬೇಡ,
ಆಮೇಲೆ ಗಂಜಿಗೆ ಅಲಸಂದೆ, ಶೇಂಗಾ ಅರೆದು ಹಾಕಿ ಎಂದಳು.
ಕಲ್ಲು ಸಿಡಿಯುವ ಈ ಬಿಸಿಲಿಗೆ ನೀರೂ ಬೇಡವೇ ಎಂದು ನಕ್ಕೆವು.
ಅವಳು ವಾದಿಸಲಿಲ್ಲ. ಆಡಿನ ದೊಡ್ಡಿಯತ್ತ ಕೈ ತೋರಿಸಿ,
"ಗಿಣ್ಣು ಕುಡಿಯದ ಮರಿಯನ್ನು
ಮರಾದಿಯ ಸಂತೆಯಲ್ಲಿ ಎಷ್ಟಕ್ಕೆ ಕೊಳ್ಳುತ್ತೀ, ಅಜ್ಜಿ?"
ಎಂದು ಕೇಳಿ, ಗಾಡಿ ಒದ್ದು ಹೊರಟಳು.

ಸರಿ, ಹೊತ್ತಾಯಿತು. ಇಳಿ.
ತಸಲ್ಲಾ ಬಗ್ಗಿದ್ದಾಳೆ; ಅವಳ ಕಣ್ಣಿಗೆ ಪೊರೆ ಬಂದಿದೆ.
ಚೂರನ್ನು ತುಸುವೇ ವಾಲಿಸಿ ಹಿಡಿದಿದ್ದೇನೆ,
ಕಡ್ಡಿ ಇಲ್ಲಿದೆ, ಹೆಬ್ಬೆರಳ ಕೆಳಗೆ.
ಹತ್ತು. ಇನ್ನೊಂದು ಕಾಲು.
ನಿನ್ನ ಹೆಸರನ್ನೇ ಒಂದು ಸಲ
ಆಣೆಯಂತೆ ಹೇಳು: ಇರುವೆ.

"ಬದುಕಿದೆ" ಅಂದಳು ತಸಲ್ಲಾ.
ಏಳುವಾಗ ಅವಳ ಹೆಬ್ಬೆಟ್ಟು
ಕೆಳಗೆ ಬಿದ್ದ ಕಡ್ಡಿಯ ಮೇಲೆ ಮರಳು ಎಳೆಯಿತು.
ಕಂಡಳೋ, ಇಲ್ಲವೋ.
ಒಳಗೆ ಗಾಳಿ ಚೀಪುವ ಸದ್ದು ನಿಂತು
ಗುಟುಕಿನ ಸದ್ದು.

ಹೋಗು. ಕಾಲಿಗಂಟಿದ್ದನ್ನು
ದಾರಿಯಲ್ಲಿ ನೆಕ್ಕಿಕೋ, ಬೈಯುವುದಿಲ್ಲ.
ಆದರೆ ಆ ಹಳೆಯ ಬಾಕಿ,
ಅದು ಹಾಗೇ ಇದೆ.