ಕೂಡದಾಕಿ

ಕಲಬುರಗಿ–ಸೇಡಂ ಬಸ್ಸಿನಾಗ
ಬಾಗಿಲ ಬಾಜೂ ಕಂಡಕ್ಟರ್ ಸೀಟು.
ಯಾವ ಗಾಡಿ ಕೊಟ್ಟರೂ ಅದರ ಮ್ಯಾಲ
ನನ್ನ ಬುತ್ತಿಡಬ್ಬಿ ಕೂಡ್ತದ, ನಾ ಕೂಡಲ್ಲ.
ಡ್ರೈವರ್ ಮಾಣಿಕರಾವ್ ಕನ್ನಡಿಯಾಗ ನೋಡಿ ನಗ್ತಾನ:
"ಜಗದೇವಕ್ಕಗ ಡ್ಯೂಟಿ ಮ್ಯಾಲ ಭಾಳ ನಿಯತ್ತು."
ಇರ್ಲಿ. ನಿಯತ್ತಂದುಕೊಂಡ್ರ ಯಾರಿಗೇನು ಲುಕ್ಸಾನ.

ನಮ್ಮ ಕಡೆ ಕುಂಡ್ರೋದಕ್ಕೂ ಕೂಡೋದಂತೀವಿ,
ಗಂಡಾಹೆಂಡ್ತಿ ಕೂಡೋದಕ್ಕೂ ಅದೇ ಮಾತು.
ನನಗ ಎರಡೂ ಆಗಲಿಲ್ಲ.
ಒಣಮೆಣಸಿನಕಾಯಿ ಕುಟ್ಟಿದ ಕೈ
ತೊಳಕೊಳ್ಳದೇ ಯಾರೋ ಇಟ್ಟಂಗ ಉರಿ.
ಎಲ್ಲಿ ಅಂದ್ರ "ಕೆಳಗ" ಅಂತಿದ್ದೆ.
ಕೆಳಗಂದ್ರ ಎಷ್ಟು ಕೆಳಗ?
ಸೇಡಂ ತನಕ ಇರೋ ಸ್ಟೇಜೆಲ್ಲ
ನಿದ್ದಿಗಣ್ಣಾಗೂ ಹೇಳೇನು,
ನನ್ನ ಮೈಯಾಗಿನ ಈ ಒಂದು ಸ್ಟೇಜಿಗೆ
ಅವ್ವ ಹೆಸರೇ ಕಲಿಸಿರಲಿಲ್ಲ.

ಮೊದಲನೇ ಡಾಕ್ಟರು ನೋಡದೇ ಗುಳಿಗಿ ಬರದರು.
ಎರಡನೆಯವರು ಅದೇ ಗುಳಿಗಿ, ಬ್ಯಾರೆ ಕಂಪನಿ.
ಸ್ಕ್ಯಾನಿಂಗಿನಾಗ ಗರ್ಭಚೀಲ ನೋಡಿ, ಅಂಡಾಶಯ ನೋಡಿ
"ಎಲ್ಲಾ ನಾರ್ಮಲ್ ಅದ, ಖುಷಿಪಡ್ರಿ" ಅಂದ್ರು.
ಖುಷಿಪಟ್ಟು, ನಿಂತುಕೊಂಡೇ ಮನಿಗೆ ಬಂದೆ.
ಇನ್ನೊಬ್ಬರು: ಒಂದು ಕೂಸಾಗಲಿ, ತಾನೇ ಹೋಗ್ತದ.
ಕೂಸು ಹ್ಯಾಂಗಾಗಬೇಕಂತ
ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಅತ್ತಿ ತಾಯಿತ ಕಟ್ಟಿಸಿದಳು.
ಗಂಡ ಮೊದಲು ಮಾತು ಬಿಟ್ಟ,
ಆಮ್ಯಾಲ ಹಾಸಿಗಿ ಮಾಳಿಗಿ ಮ್ಯಾಲ ಒಯ್ದ.
"ತಲ್ಯಾಗ ಅದ ನಿನ್ನ ಬ್ಯಾನಿ" ಅಂದವರು ಆರನೆಯವರು.
ನಂಬಿದೆ. ಎರಡು ವರ್ಷ ಯಾರಿಗೂ ತೋರಿಸಲಿಲ್ಲ.

ಹೋದ ಮಂಗಳವಾರ ಜಿಲ್ಲಾ ಆಸ್ಪತ್ರಿಗೆ
ಬಿಪಿ ತೋರಿಸಲಿಕ್ಕಂತ ಹೋದಾಕಿ ನಾನು.
ಡಾಕ್ಟರ್ ನುಝತ್, ಹೊಸದಾಗಿ ಬಂದಾಕಿ, ಸಣ್ಣ ವಯಸ್ಸು,
ಕುರ್ಚಿ ತೋರಿಸಿದಳು. ನಾ ನಿಂತೇ ಇದ್ದೆ.
ಮತ್ತ ತೋರಿಸಲಿಲ್ಲ. ಪೆನ್ನು ಕೆಳಗಿಟ್ಟು
"ಎಷ್ಟು ದಿನ ಆಯ್ತಕ್ಕಾ ನೀವು ಕೂಡದೇ?" ಅಂದಳು.
ಗ್ವಾಡಿ ಕಡೆ ಮುಖ ಮಾಡಿ ಅತ್ತೆ.

ಆಕಿ ಕೈಯಾಗ ಕಿವಿ ಸ್ವಚ್ಛ ಮಾಡೋ ಹತ್ತಿಕಡ್ಡಿ. ಅಷ್ಟೇ.
"ಗಡಿಯಾರದ ಮುಖ ಅಂತ ತಿಳೀರಿ,
ಒಂದೊಂದೇ ಗಂಟಿ ಮುಟ್ತೀನಿ, ಸಾಕಂದ್ರ ಸಾಕು."
ಹನ್ನೆರಡು, ಏನಿಲ್ಲ.
ಮೂರು, ಏನಿಲ್ಲ.
ನಾಕಕ್ಕ ಹಲ್ಲು ಕಡಿದೆ.
ಆರು ಗಂಟಿಗೆ
ಹತ್ತಿ, ಬರೇ ಹತ್ತಿ,
ನನ್ನ ಕೂಗು ಹೊರಗ ಸಾಲಿನಾಗ ನಿಂತವರಿಗೂ ಕೇಳಿತಂತ.

"ಹತ್ತರಾಗ ಎಷ್ಟು?"
"ಒಂಬತ್ತು."
ಒಂಬತ್ತನ್ನ ಒಂಬತ್ತಂತಲೇ ಬರಕೊಂಡಳು.
"ಮನಿಯೆಲ್ಲಾ ಹುಡುಕ್ಯಾರಕ್ಕಾ,
ಹೊಸ್ತಲ ಯಾರೂ ಮುಟ್ಟಿ ನೋಡಿಲ್ಲ.
ನಿಮ್ಮ ನೋವು ಹೊಸ್ತಲದಾಗ ಅದ."
ಆಮ್ಯಾಲ ಒಂದು ಉದ್ದನ್ನ ಹೆಸರು, ವಲ್ವೊಡೀನಿಯಾ.
ಮೂರು ಸಲ ಹೇಳಿಸಿಕೊಂಡೆ,
ಹೊಸಾ ರೂಟಿನ ಸ್ಟೇಜು ಬಾಯಿಪಾಠ ಮಾಡಿದಂಗ.
ಮುಲಾಮು ಕೊಟ್ಟಾಳ, ಉಸಿರಿನ ಕಸರತ್ತು ಕಲಿಸ್ಯಾಳ.
ತಿಂಗಳುಗಟ್ಟಲೆ ಬೇಕಂತ.
ಪೂರಾ ಹೋಗ್ತದಂತ ಮಾತು ಕೊಟ್ಟಿಲ್ಲ.

ಇವತ್ತೂ ನಿಂತೇ ಟಿಕೆಟ್ ಕೊಡ್ಲತ್ತೀನಿ.
ಹೆಣ್ಣುಮಕ್ಕಳಿಗೆ ರೊಕ್ಕ ಇಲ್ಲ, ಸೊನ್ನೆ ಟಿಕೆಟ್ಟು.
ಮಳಖೇಡದಾಗ ಒಬ್ಬಾಕಿ ಹತ್ತಿದಳು,
ಮೊಣಕೈತನಕ ಹೊಸಾ ಹಸಿರು ಬಳಿ.
ಮೂರು ಸೀಟು ಖಾಲಿ. ಕಂಬಿ ಹಿಡಕೊಂಡು ನಿಂತಳು.
"ಕೂಡವಾ."
"ಇರ್ಲಿ ಅಕ್ಕಾ, ನಿಂತ್ರೇ ಛಲೋ ಅದ."
ಇರಬಹುದು, ಬರೇ ಸೊಂಟನೋವು. ಗಾಳಿ ಬೇಕಾಗಿರಬಹುದು.
ಆದ್ರೂ ಸೊನ್ನೆಯ ಬೆನ್ನಿಗೆ ಬರದೆ:
ಜಿಲ್ಲಾ ಆಸ್ಪತ್ರಿ, ಹನ್ನೊಂದನೇ ಕೋಲಿ, ಮಂಗಳವಾರ.
ಓದಿದಳು. ಮಡಚಿದಳು.
ಏನೂ ಕೇಳಲಿಲ್ಲ,
ಸೇಡಂ ಬರೋತನಕ ನನ್ನ ಬಾಜೂನೇ ನಿಂತಳು.